ಪವರ್ ಬ್ಯಾಲಡ್: ರಾಕ್ ಬ್ಯಾಂಡ್‌ಗಳು ಪ್ರೇಮಗೀತೆ ಕಟ್ಟುವ ಬಗೆ

ಮೆಟಲ್ ಎಂದರೆ ಮೂಗು ಮುರಿಯುವವರ ಫೋನಿನಲ್ಲೂ ಮೆಟಾಲಿಕಾದ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ಸಿಗುತ್ತದೆ. ಸ್ಕಾರ್ಪಿಯನ್ಸ್ ಬ್ಯಾಂಡಿನ ಬೇರೆ ಹಾಡು ಕೇಳದವರಿಗೂ ‘ಸ್ಟಿಲ್ ಲವಿಂಗ್ ಯೂ’ ಗೊತ್ತಿರುತ್ತದೆ. ಆಂಪ್‌ಗಳನ್ನು ಗೋಡೆಯ ಹಾಗೆ ಪೇರಿಸಿ ಹೆಸರು ಮಾಡಿದ ಎಷ್ಟೋ ಬ್ಯಾಂಡ್‌ಗಳನ್ನು ಜನ ಇವತ್ತು ನೆನೆಯುವುದು ಅವುಗಳ ಅತಿ ಮೆಲ್ಲನೆಯ ಹಾಡಿಗಾಗಿ. ಈ ಜಾತಿಯ ಹಾಡಿಗೆ ಪವರ್ ಬ್ಯಾಲಡ್ ಎಂದು ಹೆಸರು.

ಕೇಳಲು ಸುಲಭ, ಕಾರ್ಡ್‌ಗಳೂ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಸುಲಭ. ಆದರೂ ಕಾಲೇಜು ಫೆಸ್ಟ್‌ನಲ್ಲೋ ಪಬ್‌ನಲ್ಲೋ ನುಡಿಸಿದಾಗ ಈ ಹಾಡುಗಳು ಬಹಳ ಸಲ ಸಪ್ಪೆಯಾಗುತ್ತವೆ. ಸ್ವರ ತಪ್ಪಿರುವುದಿಲ್ಲ, ಲಯ ತಪ್ಪಿರುವುದಿಲ್ಲ, ಆದರೂ ಏನೋ ಏಳುವುದಿಲ್ಲ. ನುಡಿಸುವವರು ಇದನ್ನು ಬರೀ ‘ಸ್ಲೋ ಸಾಂಗ್’ ಅಂದುಕೊಂಡಿರುತ್ತಾರೆ, ಎಡವಟ್ಟಾಗುವುದು ಅಲ್ಲೇ. ಇಂಥ ಹಾಡು ನಿಂತಿರುವುದು ತಡೆದಿಟ್ಟುಕೊಳ್ಳುವ ಲೆಕ್ಕದ ಮೇಲೆ. ಯಾವ ವಾದ್ಯ ಎಲ್ಲಿಯವರೆಗೆ ಸುಮ್ಮನಿರಬೇಕು, ಗಾಯಕ ತನ್ನ ಮೇಲಿನ ಸ್ವರವನ್ನು ಯಾವ ಸಾಲಿನವರೆಗೆ ಮುಟ್ಟಬಾರದು, ಡ್ರಮ್ಮರ್ ಕೋಲನ್ನು ಯಾವಾಗ ಎತ್ತಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ.

ನಿಧಾನ ಎಂಬುದು ಅರ್ಧ ಭ್ರಮೆ

ಯು2 ಬ್ಯಾಂಡಿನ ‘ವಿತ್ ಆರ್ ವಿತೌಟ್ ಯೂ’ ತೆಗೆದುಕೊಳ್ಳೋಣ. 1987ರ ‘ದಿ ಜೋಶುವಾ ಟ್ರೀ’ ಆಲ್ಬಂನದು, ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು. ಎಲ್ಲರೂ ಇದನ್ನು ನಿಧಾನದ ಹಾಡು ಎಂದೇ ಹೇಳುತ್ತಾರೆ. ಮೆಟ್ರೊನೋಮ್ ಇಟ್ಟು ನೋಡಿದರೆ ಲಯ ನಿಮಿಷಕ್ಕೆ ಸುಮಾರು 110 ಬಡಿತ. ಚುರುಕಾಗಿ ನಡೆಯುವವರ ಹೆಜ್ಜೆಯ ವೇಗ ಅದು. ಹಾಗಾದರೆ ನಿಧಾನ ಎಲ್ಲಿಂದ ಬಂತು?

ಕಾರ್ಡ್‌ಗಳಿಂದ. ಡಿ, ಎ, ಬಿ ಮೈನರ್, ಜಿ, ಹಾಡಿನ ಉದ್ದಕ್ಕೂ ಇವೇ ನಾಲ್ಕು. ಪಲ್ಲವಿಗೂ ಇವೇ, ಚರಣಕ್ಕೂ ಇವೇ. ಒಂದೊಂದು ಕಾರ್ಡ್ ನಾಲ್ಕು ಬಡಿತ ಇರುತ್ತದೆ, ಅಂದರೆ ಸುಮಾರು 2.2 ಸೆಕೆಂಡ್. ನಾಲ್ಕೂ ಮುಗಿದು ಮತ್ತೆ ಡಿಗೆ ಬರಲು 8.7 ಸೆಕೆಂಡ್ ಬೇಕು. ಕಿವಿ ಲಯವನ್ನು ಬಡಿತದಿಂದ ಮಾತ್ರ ಅಳೆಯುವುದಿಲ್ಲ, ಆಧಾರ ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ ಎಂಬುದರಿಂದಲೂ ಅಳೆಯುತ್ತದೆ. ಒಳಗೆ ಆಡಂ ಕ್ಲೇಟನ್‌ನ ಬಾಸ್ ಗಿಟಾರ್ ಒಂದು ಬಡಿತಕ್ಕೆ ಎರಡರಂತೆ ಬಿಡದೆ ಓಡುತ್ತಿರುತ್ತದೆ, ಮೇಲ್ಗಡೆ ಕಾರ್ಡ್‌ಗಳು ಆಮೆಯ ನಡಿಗೆಯಲ್ಲಿ ಹೋಗುತ್ತಿರುತ್ತವೆ. ತಳಮಳ ಬಾಸ್‌ನದು, ನಿಧಾನ ಕಾರ್ಡ್‌ಗಳದು.

ಕಾರ್ಡ್ ಬದಲಾಗದಿದ್ದ ಮೇಲೆ ಬದಲಾಗಬೇಕಾದದ್ದು ಉಳಿದದ್ದೆಲ್ಲ. ಮೊದಲು ಎಲೆಕ್ಟ್ರಾನಿಕ್ ಡ್ರಮ್ಮಿನ ಸಣ್ಣ ಸದ್ದು, ಬಾಸ್, ಮತ್ತು ಗಿಟಾರ್ ವಾದಕ ದಿ ಎಡ್ಜ್ ನುಡಿಸಿದ ‘ಇನ್ಫಿನಿಟ್ ಗಿಟಾರ್’. ಕೆನಡಾದ ಸಂಗೀತಗಾರ ಮೈಕೆಲ್ ಬ್ರೂಕ್ ರೂಪಿಸಿದ ಈ ಗಿಟಾರ್‌ನಲ್ಲಿ ಮೀಟಿದ ಸ್ವರ ಕಮಾನಿನ ವಾದ್ಯದ ಹಾಗೆ ನಿಂತೇ ಇರುತ್ತದೆ, ಸಾಯುವುದಿಲ್ಲ. ಗಾಯಕ ಬೋನೋ ಕೆಳಸ್ಥಾಯಿಯಲ್ಲಿ ಹೆಚ್ಚುಕಡಿಮೆ ಮಾತಾಡುತ್ತಾನೆ. ಸುಮಾರು ಎರಡು ನಿಮಿಷದ ಹೊತ್ತಿಗೆ ನಿಜವಾದ ಡ್ರಮ್ ಸೆಟ್ ಬರುತ್ತದೆ. ಮೂರು ನಿಮಿಷದ ಆಸುಪಾಸಿನಲ್ಲಿ ಪದಗಳೇ ಇಲ್ಲದ ಆ ಕೂಗು ಏಳುತ್ತದೆ. ಅದಾದ ಮೇಲೆ ಎಲ್ಲರೂ ನಿರೀಕ್ಷಿಸುವ ಗಿಟಾರ್ ಸೋಲೋ ಬರುವುದೇ ಇಲ್ಲ, ಕೊನೆಗೆ ನಾಲ್ಕಾರು ಸ್ವರದ ಒಂದು ಸಣ್ಣ ಎಳೆ ಅಷ್ಟೆ. ನನ್ನ ಎಣಿಕೆಯಲ್ಲಿ ಈ ಜಾತಿಯ ಹಾಡುಗಳಲ್ಲಿ ಇದಕ್ಕಿಂತ ಬಿಗಿಯಾದ ಕಟ್ಟಡ ಇನ್ನೊಂದಿಲ್ಲ.

ಸ್ಕಾರ್ಪಿಯನ್ಸ್ ಇದೇ ತಡೆಯುವ ಆಟವನ್ನು ಸಾಹಿತ್ಯದಲ್ಲೂ ಆಡಿದರು. 1984ರ ‘ಲವ್ ಅಟ್ ಫಸ್ಟ್ ಸ್ಟಿಂಗ್’ ಆಲ್ಬಂನ ‘ಸ್ಟಿಲ್ ಲವಿಂಗ್ ಯೂ’ ಆರು ನಿಮಿಷಕ್ಕೂ ಉದ್ದ, ಜಿ ಮೈನರ್ ಶ್ರುತಿ. ಗಿಟಾರ್ ವಾದಕ ರುಡಾಲ್ಫ್ ಶೆಂಕರ್‌ನ ರಾಗಸಂಯೋಜನೆ, ಗಾಯಕ ಕ್ಲಾಸ್ ಮೈನೆಯ ಸಾಹಿತ್ಯ. ಶೀರ್ಷಿಕೆಯ ಸಾಲನ್ನು ಮೈನೆ ಕೊನೆಯ ಭಾಗದವರೆಗೆ ಕಾದಿಟ್ಟಿದ್ದಾನೆ. ಅಲ್ಲಿಯವರೆಗೆ ಹೇಳಿದ್ದೆಲ್ಲ ಆ ಒಂದು ಮಾತಿಗೆ ಪೀಠಿಕೆ.

ಮೆಟ್ಟಿಲುಗಳು

1980ರ ದಶಕದಲ್ಲಿ ಈ ಹಾಡುಗಳಿಗೆ ಒಂದು ಅಚ್ಚು ಬಿದ್ದುಹೋಯಿತು. ಶುರುವಿಗೆ ಪಿಯಾನೋ, ಅಥವಾ ಡಿಸ್ಟಾರ್ಶನ್ (ಸದ್ದನ್ನು ಬೇಕೆಂದೇ ಒರಟಾಗಿಸುವುದು) ಇಲ್ಲದ ಗಿಟಾರ್‌ನಲ್ಲಿ ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸಿ ಮೀಟುವ ಅರ್ಪೆಜಿಯೋ. ಮೊದಲ ಚರಣಕ್ಕೆ ಕಂಠ ಮತ್ತು ಆ ಒಂದೇ ವಾದ್ಯ. ಪಲ್ಲವಿ ಮೊದಲ ಸಲ ಬಂದಾಗ ಅರ್ಧ ಬಾಗಿಲು ಮಾತ್ರ ತೆರೆಯುತ್ತದೆ, ಬಾಸ್ ಮತ್ತು ಕೀಬೋರ್ಡ್ ಸೇರುತ್ತವೆ. ಎರಡನೇ ಚರಣಕ್ಕೆ ಡ್ರಮ್, ಎರಡನೇ ಪಲ್ಲವಿಗೆ ಡಿಸ್ಟಾರ್ಶನ್ ಗಿಟಾರ್ ಮತ್ತು ಹಿನ್ನೆಲೆ ಕಂಠಗಳು. ನಂತರ ಎಂಟು ಬಾರ್ (ಬಡಿತಗಳ ಒಂದು ಆವರ್ತ) ಸೋಲೋ. ಕೊನೆಯ ಪಲ್ಲವಿಗೆ ಇದ್ದಬದ್ದದ್ದೆಲ್ಲ.

ಒಂದು ಮೆಟ್ಟಿಲಿಗೆ ಒಂದೋ ಎರಡೋ ಹೊಸ ವಸ್ತು ಮಾತ್ರ ಎಂಬುದು ಇಲ್ಲಿಯ ಮುಖ್ಯ ನಿಯಮ. ಬಾಸ್, ಡ್ರಮ್, ಎರಡನೇ ಗಿಟಾರ್ ಮೂರೂ ಒಂದೇ ಕಡೆ ಸೇರಿದರೆ ಮುಂದಿನ ಎರಡು ಮೆಟ್ಟಿಲಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಜ್ಯಾಮ್ ರೂಮಿನಲ್ಲಿ ಹಾಡು ಕೂರಿಸುವಾಗ ಒಂದು ಹಾಳೆಯಲ್ಲಿ ಭಾಗಗಳನ್ನು ಬರೆದು, ಪ್ರತಿ ಭಾಗದ ಮುಂದೆ ‘ಇಲ್ಲಿ ಯಾರು ಸುಮ್ಮನಿರುತ್ತಾರೆ’ ಎಂದು ಹೆಸರು ಬರೆಯಿರಿ. ಯಾರ ಹೆಸರೂ ಇಲ್ಲದ ಭಾಗ ಹಾಡಿನಲ್ಲಿ ಒಂದೇ ಇರಬೇಕು, ಅದು ಕೊನೆಯ ಪಲ್ಲವಿ. ಎರಡನೇ ಗಿಟಾರ್‌ನವರಿಗೆ ಎರಡು ನಿಮಿಷ ಕೈಕಟ್ಟಿ ನಿಲ್ಲುವುದು ಸಂಕಟದ ಕೆಲಸ. ‘ಸುಮ್ಮನೆ ಸ್ವಲ್ಪ ತುಂಬಿಸ್ತೀನಿ’ ಎಂದು ಅವರು ಮೊದಲ ಚರಣದಲ್ಲೇ ಸಣ್ಣ ಸಣ್ಣ ಲೀಡ್ ಬಿಡಲು ಶುರು ಮಾಡಿದರೆ ಹಾಡು ಅಲ್ಲಿಗೇ ಮುಗಿಯಿತು.

ಸದ್ದಿನ ಮಟ್ಟಕ್ಕೂ ಒಂದು ಲೆಕ್ಕವಿದೆ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು. ಚರಣವನ್ನೇ ಗರಿಷ್ಠಕ್ಕೆ 3 ಡೆಸಿಬಲ್ ಕಡಿಮೆಯಲ್ಲಿ ನುಡಿಸಿದರೆ ಪಲ್ಲವಿ ಏಳಲು ಜಾಗವೇ ಇರುವುದಿಲ್ಲ. ಇದನ್ನು ಸೌಂಡ್ ಎಂಜಿನಿಯರ್ ಫೇಡರ್‌ನಲ್ಲಿ (ಮಿಕ್ಸರ್‌ನ ಸದ್ದು ಏರಿಳಿಸುವ ಜಾರುಗುಂಡಿ) ಸರಿ ಮಾಡಲಾರರು, ನುಡಿಸುವ ಬೆರಳಿನಲ್ಲೇ ಆಗಬೇಕು. ಅವರಿಗೆ ಮೊದಲೇ ತಿಳಿಸಬೇಕಾದ್ದು ಒಂದಿದೆ: ಮೊದಲ ಚರಣದಲ್ಲಿ ಗಿಟಾರ್ ಕೇಳಿಸುತ್ತಿಲ್ಲ ಎಂದು ಗೇನ್ ಏರಿಸಬೇಡಿ. ಏರಿಸಿದರೆ ಎರಡನೇ ಪಲ್ಲವಿಯಲ್ಲಿ ಎಲ್ಲ ಸಿಡಿಯುತ್ತದೆ.

ಡಿಸ್ಟಾರ್ಶನ್ ಬಂದಾಗ ಗಾಂಧಾರ ಯಾಕೆ ಹೋಗುತ್ತದೆ

ಚರಣದಲ್ಲಿ ಅಷ್ಟು ಮುದ್ದಾಗಿ ಕೇಳುವ ಕಾರ್ಡ್ ಅನ್ನು ಪಲ್ಲವಿಯಲ್ಲಿ ಡಿಸ್ಟಾರ್ಶನ್ ಒತ್ತಿ ಹಾಗೇ ನುಡಿಸಿದರೆ ಸದ್ದು ರಾಡಿಯಾಗುತ್ತದೆ. ಬ್ಯಾಂಡ್ ಕಟ್ಟಿದ ಹೊಸದರಲ್ಲಿ ಎಲ್ಲರಿಗೂ ಎದುರಾಗುವ ಸಮಸ್ಯೆ ಇದು. ದುಬಾರಿ ಪೆಡಲ್ ಕೊಂಡರೆ ಹೋಗುವುದಿಲ್ಲ, ಇದು ಭೌತಶಾಸ್ತ್ರದ ವಿಷಯ.

ಎರಡು ಸ್ವರಗಳು ಒಟ್ಟಿಗೆ ಡಿಸ್ಟಾರ್ಶನ್ ಸರ್ಕ್ಯೂಟ್ ಹೊಕ್ಕಾಗ ಅವುಗಳ ಕಂಪನದ ಮೊತ್ತ ಮತ್ತು ವ್ಯತ್ಯಾಸಕ್ಕೆ ಸಮನಾದ ಹೊಸ ಸ್ವರಗಳು ಹುಟ್ಟುತ್ತವೆ. 220 ಹರ್ಟ್ಸ್‌ನ ಎ ಸ್ವರವನ್ನು ಷಡ್ಜ ಎಂದಿಟ್ಟುಕೊಳ್ಳಿ. ಅದರ ಪಂಚಮ ಗಿಟಾರ್‌ನಲ್ಲಿ 329.6 ಹರ್ಟ್ಸ್. ವ್ಯತ್ಯಾಸ 109.6. ಕೆಳಗಿನ ಸ್ಥಾಯಿಯ ಷಡ್ಜ 110, ಹೆಚ್ಚುಕಡಿಮೆ ಅದೇ. ಅಂದರೆ ಷಡ್ಜ-ಪಂಚಮ ಸೇರಿಸಿ ನುಡಿಸಿದರೆ ಕೆಳಗೊಂದು ದಪ್ಪ ಷಡ್ಜ ತಾನಾಗಿ ಸೇರಿಕೊಳ್ಳುತ್ತದೆ. ಬರೀ ಷಡ್ಜ-ಪಂಚಮದ ಈ ಜೋಡಿ, ಅಂದರೆ ಪವರ್ ಕಾರ್ಡ್, ಅಷ್ಟು ಗಟ್ಟಿಯಾಗಿ ಕೇಳುವುದು ಹೀಗೆ.

ಈಗ ಅಂತರ ಗಾಂಧಾರ ಸೇರಿಸಿ. ಗಿಟಾರ್‌ನ ಫ್ರೆಟ್ ಲೆಕ್ಕದಲ್ಲಿ ಅದು 277.2 ಹರ್ಟ್ಸ್. 220ರೊಂದಿಗೆ ವ್ಯತ್ಯಾಸ 57.2. ಅಲ್ಲಿ ಇರಬೇಕಾದ ಷಡ್ಜ 55. ಎರಡು ಹರ್ಟ್ಸ್ ಎಂದರೆ ಅಷ್ಟು ಕೆಳಗಿನ ಸ್ಥಾಯಿಯಲ್ಲಿ ಅರ್ಧಸ್ವರದ (ಪಕ್ಕಪಕ್ಕದ ಎರಡು ಫ್ರೆಟ್‌ಗಳ ಅಂತರ) ಸುಮಾರು ಮೂರನೇ ಎರಡರಷ್ಟು ತಪ್ಪು. ಕಾರ್ಡಿನ ಬುಡದಲ್ಲೇ ಬೇಸುರಾದ ಸ್ವರವೊಂದು ಕೂತ ಹಾಗಾಯಿತು. ನಮ್ಮ ತಂಬೂರಿಯ ಗಾಂಧಾರ ಇದಕ್ಕಿಂತ ಸುಮಾರು 14 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಭಾಗ ಒಂದು ಸೆಂಟ್) ಕೆಳಗಿದೆ, ಹಾಗಾಗಿ ಅಲ್ಲಿ ಈ ಜಗಳ ಇಲ್ಲ. ಗಿಟಾರ್‌ನ ಫ್ರೆಟ್‌ಗಳು ಎಲ್ಲ ಶ್ರುತಿಗೂ ಹೊಂದುವಂತೆ ರಾಜಿ ಮಾಡಿಕೊಂಡು ಕೂತಿವೆ.

ಅದಕ್ಕೇ ಪಲ್ಲವಿಯಲ್ಲಿ ಗಿಟಾರ್ ಷಡ್ಜ-ಪಂಚಮಕ್ಕೆ ಇಳಿಯುತ್ತದೆ. ಆದರೆ ಕಾರ್ಡ್ ಮೇಜರ್ ಅಥವಾ ಮೈನರ್ ಎಂದು ಹೇಳುವುದು, ಅಂದರೆ ಬೆಳಕೋ ಬೇಸರವೋ ಎಂದು ತಿಳಿಸುವುದು ಗಾಂಧಾರವೇ. ಅದನ್ನು ಬೇರೆ ಯಾರಾದರೂ ಹೊರಬೇಕು. ರೆಕಾರ್ಡ್‌ಗಳಲ್ಲಿ ಆ ಕೆಲಸ ಹಿನ್ನೆಲೆ ಕಂಠಗಳದು ಮತ್ತು ಕೀಬೋರ್ಡಿನದು. ಡೆಫ್ ಲೆಪರ್ಡ್‌ನ ‘ಲವ್ ಬೈಟ್ಸ್’ ಕೇಳಿ. 1988ರಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋದ ಈ ಹಾಡಿನಲ್ಲಿ ನಿರ್ಮಾಪಕ ಮಟ್ ಲ್ಯಾಂಗ್ ಕಂಠದ ಮೇಲೆ ಕಂಠ ಪೇರಿಸಿದ್ದಾನೆ. ಮೂರು ಜನರ ಪಬ್ ಬ್ಯಾಂಡ್ ಇದೇ ಹಾಡನ್ನು ಒಬ್ಬ ಗಾಯಕನಿಟ್ಟು ನುಡಿಸಿದಾಗ ಪಲ್ಲವಿ ಟೊಳ್ಳಾಗಿ ಕೇಳುತ್ತದೆ. ಬಾಸ್ ನುಡಿಸುವವರಿಗೆ ಗಾಂಧಾರದ ಒಂದೇ ಒಂದು ಉದ್ದ ಸ್ವರ ‘ಆ’ಕಾರದಲ್ಲಿ ಹಾಡಲು ಹೇಳಿಕೊಟ್ಟರೂ ಅರ್ಧ ಸಮಸ್ಯೆ ಮುಗಿಯುತ್ತದೆ.

ಆರು ಎಣಿಕೆಯ ಹಾಡು

ಗಿಟಾರ್ ಕಲಿಯುವವರೆಲ್ಲ ಮೊದಲ ತಿಂಗಳಲ್ಲೇ ಕೈಹಾಕುವ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ 1991ರ ‘ಮೆಟಾಲಿಕಾ’ ಆಲ್ಬಂನದು. ಇ ಮೈನರ್. ಬ್ಯಾಂಡಿನ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಫೋನಿನಲ್ಲಿ ಮಾತಾಡುತ್ತ, ಒಂದು ಕೈ ಬಿಡುವಿಲ್ಲದೆ ಇನ್ನೊಂದು ಕೈಯಲ್ಲಿ ಖಾಲಿ ತಂತಿಗಳನ್ನು ಮೀಟುತ್ತಿದ್ದಾಗ ಹುಟ್ಟಿದ್ದು ಇದರ ಆರಂಭ. ಎಡಗೈ ಬೇಕಾಗಿಲ್ಲ. ಆರನೇ ತಂತಿ, ಮೂರನೆಯದು, ಎರಡನೆಯದು, ಒಂದನೆಯದು, ಮತ್ತೆ ಎರಡು, ಮತ್ತೆ ಮೂರು. ಬಲಗೈ ಹೆಬ್ಬೆರಳು ಆರನೆಯದಕ್ಕೆ, ತೋರುಬೆರಳು ಮೂರಕ್ಕೆ, ನಡುಬೆರಳು ಎರಡಕ್ಕೆ, ಉಂಗುರ ಬೆರಳು ಒಂದಕ್ಕೆ.

ಇಲ್ಲಿ ಆರು ಮೀಟು ಎಂದರೆ ಎರಡು ದೊಡ್ಡ ಬಡಿತ, ಒಂದೊಂದರೊಳಗೆ ಮೂರು. ನಮ್ಮ ತಿಶ್ರ ನಡೆ ಗೊತ್ತಿದ್ದವರಿಗೆ ಹೇಳಿಕೊಡುವುದೇ ಬೇಡ, ‘ತಕಿಟ ತಕಿಟ’ ಎಂದುಕೊಂಡರೆ ಸಾಕು. ದೊಡ್ಡ ಬಡಿತ ನಿಮಿಷಕ್ಕೆ ಸುಮಾರು 46. ಎಡವುವುದು ಇಲ್ಲಿಯೇ: ಅಷ್ಟು ನಿಧಾನದ ಎರಡು ಬಡಿತಗಳ ನಡುವೆ ಒಂದು ಸೆಕೆಂಡಿಗೂ ಹೆಚ್ಚು ಖಾಲಿ ಇರುತ್ತದೆ, ಒಳಗಿನ ಮೂರನ್ನು ಮನಸ್ಸಿನಲ್ಲಿ ಎಣಿಸದವರು ಓಡುತ್ತಾರೆ. ಮೆಟ್ರೊನೋಮ್ ಅನ್ನು 46ಕ್ಕೆ ಇಡಬೇಡಿ, 138ಕ್ಕೆ ಇಟ್ಟು ಪ್ರತಿ ಮೀಟಿಗೂ ಒಂದು ಟಿಕ್ ಕೇಳಿಸಿಕೊಳ್ಳಿ. ನಂತರ ಟಿಕ್‌ಗಳನ್ನು ಕಡಿಮೆ ಮಾಡಿ.

ಹಾಡಿನ ಕೊನೆಯ ಸೋಲೋ ನುಡಿಸಿದ್ದು ಬ್ಯಾಂಡಿನ ಲೀಡ್ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಎಂದು ಬಹಳ ಜನ ತಿಳಿದಿದ್ದಾರೆ. ಆಲ್ಬಂನ ಆ ರೆಕಾರ್ಡಿಂಗ್‌ನಲ್ಲಿ ಹ್ಯಾಮೆಟ್ ನುಡಿಸಿಯೇ ಇಲ್ಲ, ಸೋಲೋ ಕೂಡ ಹೆಟ್‌ಫೀಲ್ಡ್‌ನದೇ. ಹಿಂದಿರುವ ಆರ್ಕೆಸ್ಟ್ರಾವನ್ನು ಬರೆದವನು ಮೈಕೆಲ್ ಕೇಮನ್. ಆಲ್ಬಂ ಮಿಕ್ಸ್‌ನಲ್ಲಿ ಅದನ್ನು ಕಿವಿಗೊಟ್ಟು ಹುಡುಕಬೇಕು. ಪೂರ್ತಿ ಕೇಳಬೇಕಿದ್ದರೆ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯ ಜೊತೆ ಅದೇ ಕೇಮನ್ ನಿರ್ದೇಶನದಲ್ಲಿ ಬ್ಯಾಂಡ್ ನಡೆಸಿದ ಕಛೇರಿಯ ರೆಕಾರ್ಡಿಂಗ್ ಇದೆ. (2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ಮೈದಾನಕ್ಕೆ ಏರೋಸ್ಮಿತ್.)

ಕಂಠ, ಶ್ರುತಿ, ಮತ್ತು ಶ್ರುತಿ ಏರಿಸುವ ಚಟ

ಈ ಹಾಡುಗಳ ಗಂಡು ಗಾಯಕರಲ್ಲಿ ಹೆಚ್ಚಿನವರು ತಾರಸ್ಥಾಯಿಯ ಕಂಠದವರು. ಚರಣವನ್ನು ಅವರು ಆರಾಮದ ಜಾಗದಲ್ಲಿ ಹಾಡಿ, ಪಲ್ಲವಿಯಲ್ಲಿ ಸಾಮಾನ್ಯ ಗಂಡಸಿನ ಗಂಟಲು ಒಡೆಯುವ ಜಾಗಕ್ಕೆ ಹತ್ತುತ್ತಾರೆ. ಆ ಒಡೆಯುವ ಅಂಚಿನ ಸದ್ದೇ ಕೇಳುವವರಿಗೆ ಆರ್ತವಾಗಿ ಕೇಳುವುದು. ಅದಕ್ಕೆ ಬೆಲೆಯೂ ತೆರಬೇಕಾಗುತ್ತದೆ. 1982ರ ‘ಬ್ಲ್ಯಾಕೌಟ್’ ಆಲ್ಬಂಗೆ ಮೊದಲು ಕ್ಲಾಸ್ ಮೈನೆಯ ಧ್ವನಿಯೇ ಹೋಗಿ, ಸ್ವರತಂತುಗಳ ಶಸ್ತ್ರಚಿಕಿತ್ಸೆ ಆಗಬೇಕಾಯಿತು.

ಹಾಗಾಗಿ ಶ್ರುತಿ ಆಯ್ಕೆ ಮಾಡುವಾಗ ಮೊದಲ ಸಾಲನ್ನು ಹಾಡಿ ನೋಡಬೇಡಿ. ಕೊನೆಯ ಪಲ್ಲವಿಯ ಅತಿ ಎತ್ತರದ ಸ್ವರ ಯಾವುದೆಂದು ಹುಡುಕಿ, ರಿಹರ್ಸಲ್ ಮುಗಿಯುವ ಹೊತ್ತಿಗೆ ದಣಿದ ಗಂಟಲಲ್ಲಿ ಅದು ಬರುತ್ತದೆಯೇ ನೋಡಿ. ಬರದಿದ್ದರೆ ಅರ್ಧಸ್ವರ ಇಳಿಸಿ. ದೊಡ್ಡ ಬ್ಯಾಂಡ್‌ಗಳೇ ಇಳಿಸುತ್ತವೆ: ಗನ್ಸ್ ಎನ್ ರೋಸಸ್‌ನ ಬಹುಪಾಲು ಹಾಡು, ಪಾಯ್ಸನ್‌ನ ‘ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್’, ಎಕ್ಸ್‌ಟ್ರೀಮ್‌ನ ‘ಮೋರ್ ದ್ಯಾನ್ ವರ್ಡ್ಸ್’ ಎಲ್ಲವೂ ಆರು ತಂತಿಗಳನ್ನೂ ಅರ್ಧಸ್ವರ ಇಳಿಸಿ ನುಡಿಸಿದವು. ಇಳಿಸಿದಾಗ ತಂತಿ ಸಡಿಲವಾಗಿ 0.009 ಇಂಚಿನ (ಅತಿ ತೆಳು ತಂತಿಯ ದಪ್ಪ) ಸೆಟ್ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ, 0.010ರ ಸೆಟ್ ಹಾಕಿದರೆ ಬಿಗಿ ಸರಿಹೋಗುತ್ತದೆ. ಕೀಬೋರ್ಡಿನವರು ಶ್ರುತಿ ಸರಿಸುವ ಟ್ರಾನ್ಸ್‌ಪೋಸ್ ಅನ್ನು ಮೈನಸ್ 1ಕ್ಕೆ ಇಟ್ಟುಕೊಂಡು, ಮುಂದಿನ ಹಾಡಿಗೆ ಸೊನ್ನೆಗೆ ತರಲು ಮರೆಯಬಾರದು. ವೇದಿಕೆಯ ಮೇಲೆ ಆಗುವ ಅತಿ ದೊಡ್ಡ ಅನಾಹುತ ಇದೇ. ಇಳಿಸಿದ ಶ್ರುತಿಯ ಹಾಡುಗಳನ್ನೆಲ್ಲ ಸೆಟ್‌ಲಿಸ್ಟ್‌ನಲ್ಲಿ ಒಟ್ಟಿಗೆ ಇಟ್ಟರೆ ಆ ಅಪಾಯವೂ ಇಲ್ಲ, ಎರಡನೇ ಗಿಟಾರ್ ಹೊತ್ತು ತರುವ ಕೆಲಸವೂ ಇಲ್ಲ.

ಕೊನೆಯ ಪಲ್ಲವಿಗೆ ಶ್ರುತಿಯನ್ನೇ ಏರಿಸುವುದು ಇನ್ನೊಂದು ಹಳೆಯ ತಂತ್ರ. ಎರಡು ಅರ್ಧಸ್ವರ ಏರಿಸಿದರೆ ಪ್ರತಿ ಸ್ವರದ ಕಂಪನ ಸುಮಾರು ಶೇಕಡ 12 ಹೆಚ್ಚಾಗುತ್ತದೆ. ಆಧಾರ ಷಡ್ಜ ಅಲುಗಬಾರದು ಎಂಬ ಕಛೇರಿಯ ಕಿವಿಗೆ ಇದು ನೆಲವೇ ಸರಿದ ಹಾಗೆ ಕೇಳುತ್ತದೆ, ಪರಿಣಾಮವೂ ಅದಕ್ಕೇ ಜೋರು. ಮಿಸ್ಟರ್ ಬಿಗ್ ಬ್ಯಾಂಡಿನ ‘ಟು ಬಿ ವಿತ್ ಯೂ’ನಲ್ಲಿ ಪಲ್ಲವಿ ಇ ಇಂದ ಜಿಗೆ, ಮೂರು ಅರ್ಧಸ್ವರ ಏರುತ್ತದೆ. ಅಲ್ಲಿ ಹಾಡು ಬೀದಿಯಲ್ಲಿ ಕೂತು ಎಲ್ಲರೂ ಕೂಡಿ ಹಾಡುವಂಥದ್ದಾದ್ದರಿಂದ ಒಪ್ಪುತ್ತದೆ. ಉಳಿದ ಕಡೆ ಬಹಳ ಸಲ ಇದು ಬಡತನದ ಗುರುತು. ಹೊಸದಾಗಿ ಸೇರಿಸಲು ಬೇರೇನೂ ಉಳಿದಿಲ್ಲದಾಗ ಶ್ರುತಿ ಏರಿಸುತ್ತಾರೆ.

ಫಾರಿನರ್ ಬ್ಯಾಂಡ್ ಆ ಜಾಗದಲ್ಲಿ ಶ್ರುತಿ ಏರಿಸದೆ ಜನರನ್ನು ಸೇರಿಸಿತು. 1984ರ ಕೊನೆಗೆ ಬಂದ ‘ಐ ವಾಂಟ್ ಟು ನೋ ವಾಟ್ ಲವ್ ಈಸ್’ ಹಾಡಿಗೆ ಬ್ಯಾಂಡಿನ ಗಿಟಾರ್ ವಾದಕ ಮಿಕ್ ಜೋನ್ಸ್ ನ್ಯೂ ಜೆರ್ಸಿ ಮಾಸ್ ಕ್ವೈರ್ ಎಂಬ ಚರ್ಚ್ ಗಾಯನ ತಂಡವನ್ನು ಕರೆಸಿದ. ಗಾಯಕ ಲೂ ಗ್ರಾಮ್ ಒಬ್ಬನೇ ಕೇಳುತ್ತಿದ್ದ ಪ್ರಶ್ನೆಯನ್ನು ಕೊನೆಗೆ ಒಂದು ಸಭೆಯೇ ಕೇಳತೊಡಗುತ್ತದೆ. 1985ರ ಆರಂಭದಲ್ಲಿ ಅದು ಬ್ರಿಟನ್, ಅಮೆರಿಕ ಎರಡರಲ್ಲೂ ಒಂದನೇ ಸ್ಥಾನದಲ್ಲಿತ್ತು.

624 ಕಂಠ, ಟೇಪ್, ಮತ್ತು ಒಂದು ಪಿಸುಮಾತು

ಪೇರಿಸುವುದರಲ್ಲಿ ಎಲ್ಲರನ್ನೂ ಮೀರಿಸಿದವರು ಟೆನ್ ಸಿಸಿ. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ ಸ್ಟ್ರಾಬೆರಿ ಸ್ಟುಡಿಯೋಸ್ ಅವರ ಠಿಕಾಣಿ. 1975ರ ‘ಐಯಾಮ್ ನಾಟ್ ಇನ್ ಲವ್’ ಮೊದಲು ಬ್ರೆಜಿಲ್‌ನ ಬೋಸಾ ನೋವಾ ಧಾಟಿಯಲ್ಲಿತ್ತು, ಬ್ಯಾಂಡಿಗೇ ಹಿಡಿಸದೆ ಮೂಲೆಗೆ ಬಿತ್ತು. ಆಮೇಲೆ ವಾದ್ಯಗಳ ಬದಲು ಕಂಠಗಳಿಂದಲೇ ಕಟ್ಟೋಣ ಎಂಬ ಯೋಚನೆ ಬಂತು. ಸಿಂಥಸೈಜರ್‌ನಲ್ಲಿ ಅಷ್ಟೊಂದು ಕಂಠದ ಸದ್ದು ಸಿಗದ ಕಾಲ. ಮೂವರು ನಿಂತು ಒಂದೇ ಸ್ವರವನ್ನು ‘ಆ’ ಎಂದು ಹದಿನಾರು ಸಲ ಹಾಡಿದರು. ಒಂದು ಸ್ವರಕ್ಕೆ 48 ಕಂಠ. ಹೀಗೆ ಅರ್ಧಸ್ವರಗಳ ಒಂದು ಪೂರ್ತಿ ಸ್ಥಾಯಿ, 13 ಸ್ವರ. ಒಟ್ಟು 624.

ಪ್ರತಿ ಸ್ವರವನ್ನೂ ಟೇಪ್ ಲೂಪ್ ಮಾಡಿ, ನಿಲ್ಲದೆ ಓಡುವಂತೆ ಮಿಕ್ಸರ್‌ನ ಒಂದೊಂದು ಚಾನೆಲ್‌ಗೆ ಕೊಟ್ಟರು. ಆಮೇಲೆ ನಾಲ್ವರೂ ಮಿಕ್ಸರ್ ಮುಂದೆ ಕೂತು, ಹಾಡಿನ ಕಾರ್ಡ್ ಬದಲಾದ ಹಾಗೆ ಬೇಕಾದ ಸ್ವರಗಳ ಫೇಡರ್ ಏರಿಸಿ ಉಳಿದದ್ದನ್ನು ಇಳಿಸಿದರು. ಮಿಕ್ಸರೇ ವಾದ್ಯವಾಯಿತು. ಫೇಡರ್‌ಗಳನ್ನು ಪೂರ್ತಿ ಕೆಳಗೆ ಇಳಿಯದಂತೆ ಟೇಪ್ ಅಂಟಿಸಿ ತಡೆದಿದ್ದರು. ಹದಿಮೂರೂ ಸ್ವರಗಳು ಹಾಡಿನ ಉದ್ದಕ್ಕೂ ತೀರಾ ಸಣ್ಣಗೆ ಉಸಿರಾಡುತ್ತಿರುವುದು ಹಾಗಾಗಿ. ಆ ಮಂಜು ಕವಿದ ಸದ್ದನ್ನು ಇಂದು ಸಾಫ್ಟ್‌ವೇರ್‌ನಲ್ಲಿ ನಕಲು ಮಾಡುವವರು ಸಾಮಾನ್ಯವಾಗಿ ತಪ್ಪುವುದು ಇದನ್ನೇ. ಅವರು ಬೇಡದ ಸ್ವರಗಳನ್ನು ಪೂರ್ತಿ ಮ್ಯೂಟ್ ಮಾಡಿಬಿಡುತ್ತಾರೆ. ಹಾಡಿನ ನಡುವೆ ಬರುವ ಹೆಣ್ಣಿನ ಪಿಸುದನಿ ಸ್ಟುಡಿಯೋದ ರಿಸೆಪ್ಷನಿಸ್ಟ್‌ಳದು.

ಡ್ರಮ್ ಮತ್ತು ಬಾಲ

ಚರಣದಲ್ಲಿ ಡ್ರಮ್ಮರ್ ಸ್ನೇರ್ (ಚುರುಕು ಸದ್ದಿನ ನಡುವಿನ ಡ್ರಮ್) ಬಡಿಯುವುದಿಲ್ಲ. ಕೋಲನ್ನು ಅಡ್ಡ ಮಲಗಿಸಿ ಅಂಚಿಗೆ ‘ಟಕ್’ ಎನ್ನಿಸುತ್ತಾರೆ, ಹೈ-ಹ್ಯಾಟ್ (ಕಾಲಿನಿಂದ ಮುಚ್ಚಿ ತೆರೆಯುವ ತಾಳದ ಜೋಡಿ) ಮುಚ್ಚಿರುತ್ತದೆ. ಪಲ್ಲವಿಗೆ ಹೋಗುವ ಕೊನೆಯ ಬಾರ್‌ನಲ್ಲಿ ಟಾಮ್ ಡ್ರಮ್‌ಗಳ ಮೇಲೆ ಒಂದು ಫಿಲ್ (ಭಾಗಗಳನ್ನು ಜೋಡಿಸುವ ಸಣ್ಣ ಓಟ), ಆಮೇಲೆ ಪೂರ್ತಿ ಸ್ನೇರ್. ಹೊಸ ಡ್ರಮ್ಮರ್‌ಗಳು ಆ ಫಿಲ್‌ನಲ್ಲೇ ಓಡುತ್ತಾರೆ, ಪಲ್ಲವಿ ನಿಮಿಷಕ್ಕೆ 72 ಬಡಿತದ ಬದಲು 78ರಲ್ಲಿ ಇಳಿಯುತ್ತದೆ. ಹಾಡು ಹಗುರಾಗಲು ಅಷ್ಟು ಸಾಕು. ಫಿಲ್ ನುಡಿಸುವಾಗಲೂ ಎಡಗಾಲಿನಲ್ಲಿ ಹೈ-ಹ್ಯಾಟ್ ಒತ್ತುತ್ತಿದ್ದರೆ ಓಟ ನಿಲ್ಲುತ್ತದೆ.

ರಿವರ್ಬ್‌ನ (ಸದ್ದಿನ ಹಿಂದೆ ಉಳಿಯುವ ಗುಂಗು) ಲೆಕ್ಕವನ್ನು ಲಯದಿಂದಲೇ ತೆಗೆಯಬಹುದು. 60,000ವನ್ನು ಬಿಪಿಎಂನಿಂದ (ನಿಮಿಷದ ಬಡಿತಗಳಿಂದ) ಭಾಗಿಸಿದರೆ ಒಂದು ಬಡಿತದ ಮಿಲಿಸೆಕೆಂಡ್ ಸಿಗುತ್ತದೆ. 72ಕ್ಕೆ 833. ಸ್ನೇರ್ ಎರಡು ಮತ್ತು ನಾಲ್ಕನೇ ಬಡಿತಕ್ಕೆ ಬೀಳುವುದರಿಂದ ಎರಡು ಹೊಡೆತದ ನಡುವೆ 1,667 ಮಿಲಿಸೆಕೆಂಡ್ ಇದೆ. ರಿವರ್ಬ್‌ನ ಬಾಲ ಅದಕ್ಕಿಂತ ಸ್ವಲ್ಪ ಮೊದಲು, ಒಂದೂವರೆ ಸೆಕೆಂಡಿನೊಳಗೆ ಸಾಯಬೇಕು. ಮೂರು ಸೆಕೆಂಡ್ ಇಟ್ಟರೆ ಹೊಡೆತದ ಮೇಲೆ ಹೊಡೆತ ಹತ್ತಿ ಕೊಳೆಯಾಗುತ್ತದೆ. ಕಂಠಕ್ಕೆ ರಿವರ್ಬ್ ಹಾಕುವಾಗ 50-60 ಮಿಲಿಸೆಕೆಂಡ್ ಪ್ರೀ-ಡಿಲೇ ಕೊಟ್ಟರೆ ಪದ ಮೊದಲು ಸ್ಪಷ್ಟವಾಗಿ ಬಂದು ಗುಂಗು ಹಿಂದೆ ಬರುತ್ತದೆ. ಲೀಡ್ ಗಿಟಾರ್‌ನ ಡಿಲೇಗೆ (ಮರುದನಿಗೆ) ಬಡಿತದ ಮುಕ್ಕಾಲು, ಅಂದರೆ 625 ಮಿಲಿಸೆಕೆಂಡ್ ಚೆನ್ನಾಗಿ ಕೂರುತ್ತದೆ.

ಸೋಲೋ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೊದಲ ನಾಲ್ಕು ಬಾರ್ ಹಾಡಿನ ಧಾಟಿಯನ್ನೇ ಹಾಡಿ, ಉಳಿದ ನಾಲ್ಕರಲ್ಲಿ ಮೇಲಕ್ಕೆ ಹೋಗಿ, ಕೊನೆಯ ಸ್ವರವನ್ನು ಪಲ್ಲವಿಯ ಮೊದಲ ಸ್ವರಕ್ಕೆ ಒಪ್ಪಿಸಿದರೆ ಆಯಿತು. ಕೆಡುವುದು ವೇಗದಿಂದಲ್ಲ, ಬೆಂಡ್‌ನಿಂದ. ನಿಧಾನದ ಹಾಡಿನಲ್ಲಿ ತಂತಿ ಎಳೆದ ಸ್ವರ ಒಂದೂವರೆ ಸೆಕೆಂಡ್ ನಿಂತಿರುತ್ತದೆ, ಕಾಲು ಸ್ವರ ಕಡಿಮೆಯಾದರೂ ಎಲ್ಲರಿಗೂ ಕೇಳುತ್ತದೆ. ಎಳೆಯುವ ಮೊದಲು ಎರಡು ಫ್ರೆಟ್ ಮುಂದಿನ ಸ್ವರವನ್ನು ನೇರವಾಗಿ ಮೀಟಿ, ಕಿವಿಗೆ ಗುರಿ ತೋರಿಸಿ ಅಭ್ಯಾಸ ಮಾಡಬೇಕು.

ಎಲ್ಲಿಂದ ಬಂತು, ಯಾಕೆ ಮೆರೆಯಿತು

1975ರಲ್ಲಿ ಸ್ಕಾಟ್ಲೆಂಡಿನ ನಜರೆತ್ ಬ್ಯಾಂಡ್ ‘ಲವ್ ಹರ್ಟ್ಸ್’ ಹಾಡಿತು. ಎವರ್ಲಿ ಬ್ರದರ್ಸ್ 1960ರಲ್ಲಿ ಮೆಲ್ಲಗೆ ಹಾಡಿದ್ದ ಹಾಡು ಇಲ್ಲಿ ಗಂಟಲು ಹರಿಯುವ ಕೂಗಾಯಿತು. ಮರುವರ್ಷ ಮುಖಕ್ಕೆ ಬಣ್ಣ ಬಳಿದು ಬೆಂಕಿ ಉಗುಳುವ ಕಿಸ್ ಬ್ಯಾಂಡಿನ ‘ಬೆತ್’ ಬಂತು. ಸಿಂಗಲ್‌ನ (ಬಿಡಿ ಹಾಡಿನ ರೆಕಾರ್ಡ್) ಹಿಂಬದಿಯಲ್ಲಿ ಹಾಕಿದ್ದ ಹಾಡು ಅದು, ರೇಡಿಯೋದವರು ತಿರುಗಿಸಿ ಹಾಕಿದ್ದರಿಂದ ಗೆದ್ದಿತು. ಡ್ರಮ್ಮರ್ ಪೀಟರ್ ಕ್ರಿಸ್ ಹಾಡಿದ್ದು ಬಿಟ್ಟರೆ ಬ್ಯಾಂಡಿನ ಯಾರೂ ಅದರಲ್ಲಿ ನುಡಿಸಿಲ್ಲ, ಪಿಯಾನೋ ಮತ್ತು ಆರ್ಕೆಸ್ಟ್ರಾ ಮಾತ್ರ. 1982ರಲ್ಲಿ ಜರ್ನಿಯ ‘ಓಪನ್ ಆರ್ಮ್ಸ್’ ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಹೋದ ಮೇಲೆ ಕಂಪನಿಗಳಿಗೆ ದಾರಿ ಖಚಿತವಾಯಿತು. 1981ರ ಆಗಸ್ಟ್‌ನಲ್ಲಿ ಶುರುವಾಗಿದ್ದ ಮ್ಯೂಸಿಕ್ ವಿಡಿಯೋ ಚಾನೆಲ್ ಎಂಟಿವಿ ಅದಕ್ಕೆ ಮುಖ ಕೊಟ್ಟಿತು. ಆಲ್ಬಂನಿಂದ ಮೊದಲು ಒಂದು ಜೋರಿನ ಹಾಡು ಬಿಡುವುದು, ಮೂರನೆಯದೋ ನಾಲ್ಕನೆಯದೋ ಬ್ಯಾಲಡ್. ಹಗಲು ರೇಡಿಯೋದಲ್ಲಿ ಜೋರಿನ ಹಾಡಿಗಿಲ್ಲದ ಜಾಗ ಬ್ಯಾಲಡ್‌ಗೆ ಸಿಗುತ್ತಿತ್ತು. ಹಾರ್ಟ್ ಬ್ಯಾಂಡಿನ ಆನ್ ವಿಲ್ಸನ್ 1987ರಲ್ಲಿ ‘ಅಲೋನ್’ ಹಾಡಿ, ಈ ಕಟ್ಟಡದಲ್ಲಿ ಗಂಡು ಗಂಟಲೇ ಬೇಕೆಂಬ ಮಾತನ್ನು ಮುಗಿಸಿದಳು.

ಅತಿಯಾದದ್ದು ಬೇಗ ಹಳಸಿತು. 1991ರ ಹೊತ್ತಿಗೆ ಈ ಆಡಂಬರ ಒಲ್ಲದ ಸಿಯಾಟಲ್‌ನ ಬ್ಯಾಂಡ್‌ಗಳು ಬಂದವು. ಅವುಗಳಲ್ಲೊಂದಾದ ಪರ್ಲ್ ಜ್ಯಾಮ್ ತನ್ನ ‘ಬ್ಲ್ಯಾಕ್’ ಹಾಡನ್ನು ಸಿಂಗಲ್ ಆಗಿ ಬಿಡಲು ಕಂಪನಿ ಕೇಳಿದರೂ ಒಪ್ಪಲಿಲ್ಲ. ಆದರೂ ಅದೇ ವರ್ಷದ ಗನ್ಸ್ ಎನ್ ರೋಸಸ್‌ನ ಒಂಬತ್ತು ನಿಮಿಷದ ‘ನವೆಂಬರ್ ರೈನ್’ ಮರುವರ್ಷ ಮೂರನೇ ಸ್ಥಾನ ಮುಟ್ಟಿತು. 1998ರಲ್ಲಿ ಏರೋಸ್ಮಿತ್ ಅಮೆರಿಕದ ಪಟ್ಟಿಯಲ್ಲಿ ತನ್ನ ಏಕೈಕ ಒಂದನೇ ಸ್ಥಾನ ಪಡೆದದ್ದೂ ಬ್ಯಾಲಡ್‌ನಿಂದಲೇ, ಅದೂ ಬ್ಯಾಂಡಿನ ಹೊರಗಿನ ಡಯಾನ್ ವಾರೆನ್ ಬರೆದುಕೊಟ್ಟ ‘ಐ ಡೋಂಟ್ ವಾಂಟ್ ಟು ಮಿಸ್ ಎ ಥಿಂಗ್’.

ಡ್ರಮ್ಮೇ ಇಲ್ಲದವು, ಮತ್ತು ಮುಗಿಸುವುದು

ತಡೆಯುವ ಆಟವನ್ನು ಕೊನೆಯವರೆಗೂ ಎಳೆದರೆ ಡ್ರಮ್ ಬರುವುದೇ ಇಲ್ಲ. ಗನ್ಸ್ ಎನ್ ರೋಸಸ್‌ನ ‘ಪೇಶನ್ಸ್’ನಲ್ಲಿ ಮೂರು ಅಕೌಸ್ಟಿಕ್ ಗಿಟಾರ್ ಮತ್ತು ಒಂದು ಸಿಳ್ಳೆ. ‘ಮೋರ್ ದ್ಯಾನ್ ವರ್ಡ್ಸ್’ನಲ್ಲಿ ಒಂದು ಗಿಟಾರ್, ಎರಡು ಕಂಠ. ಗಿಟಾರ್ ನುಡಿಸುವ ನೂನೋ ಬೆಟನ್‌ಕೋರ್ಟ್ ಎರಡು ಮತ್ತು ನಾಲ್ಕನೇ ಬಡಿತಕ್ಕೆ ಬಲಗೈಯನ್ನು ತಂತಿಗಳ ಮೇಲೆ ಕೆಡವಿ ‘ಥಪ್’ ಎನ್ನಿಸುತ್ತಾನೆ, ಸ್ನೇರ್‌ನ ಕೆಲಸ ಅಷ್ಟರಲ್ಲೇ ಮುಗಿಯಿತು. ಇದನ್ನು ಕಲಿಯುವವರು ಮಣಿಕಟ್ಟಿನಿಂದ ಹೊಡೆಯುತ್ತಾರೆ, ಆಗ ಮುಂದಿನ ಮೀಟು ತಡವಾಗುತ್ತದೆ. ಬೆರಳುಗಳು ಮುಂದೆ ಮೀಟಬೇಕಾದ ತಂತಿಗಳ ಮೇಲೇ ಬಂದು ಕೂರಬೇಕು, ಹೆಬ್ಬೆರಳಿನ ಪಕ್ಕ ಮಾತ್ರ ದಪ್ಪ ತಂತಿಗೆ ಬಡಿಯಬೇಕು.

ವೇದಿಕೆಯಲ್ಲಿ ಈ ಹಾಡುಗಳನ್ನು ನುಡಿಸುವವರಿಗೆ ಕೊನೆಗೆ ಎದುರಾಗುವುದು ಮುಕ್ತಾಯದ ತೊಂದರೆ. ರೆಕಾರ್ಡ್‌ಗಳಲ್ಲಿ ಬಹಳಷ್ಟು ಹಾಡು ಮುಗಿಯುವುದೇ ಇಲ್ಲ, ಪಲ್ಲವಿ ತಿರುಗುತ್ತಿರುವಾಗ ಸದ್ದು ಇಳಿದು ಮಾಯವಾಗುತ್ತದೆ. ಫಾರಿನರ್‌ನ ಹಾಡೂ ಹಾಗೇ. ವೇದಿಕೆಯಲ್ಲಿ ಹಾಗೆ ಮಾಯವಾಗಲು ಬರುವುದಿಲ್ಲ, ಅಭ್ಯಾಸ ಮಾಡದಿದ್ದರೆ ಐವರೂ ಐದು ಕಡೆ ನಿಲ್ಲುತ್ತಾರೆ. ಪಲ್ಲವಿ ಎಷ್ಟು ಸಲ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಕೊನೆಯ ಸುತ್ತಿನಲ್ಲಿ ಸೇರಿಸಿದ್ದನ್ನೆಲ್ಲ ಬಂದ ಕ್ರಮಕ್ಕೆ ಉಲ್ಟಾ ತೆಗೆಯುತ್ತ ಹೋಗಿ: ಮೊದಲು ಡಿಸ್ಟಾರ್ಶನ್, ಆಮೇಲೆ ಡ್ರಮ್, ಆಮೇಲೆ ಬಾಸ್. ಕೊನೆಯ ಎರಡು ಬಾರ್‌ಗಳನ್ನು ಎಳೆಯುವುದಾದರೆ ಎಳೆಯುವ ಹೊಣೆ ಒಬ್ಬರದೇ ಆಗಿರಲಿ, ಶುರುವಿನ ಅರ್ಪೆಜಿಯೋ ನುಡಿಸಿದವರದೇ ಆದರೆ ಒಳ್ಳೆಯದು. ಉಳಿದವರು ಅವರ ಬಲಗೈ ನೋಡಿಕೊಂಡು ನಿಲ್ಲಲಿ. ಕೊನೆಯ ಕಾರ್ಡ್‌ಗೆ ಸಿಂಬಲ್ ಬೇಡ ಎಂದು ಡ್ರಮ್ಮರ್‌ಗೆ ಎರಡು ಸಲ ಹೇಳಿ.